ಚಕ್ರದ ತೊಟ್ಟಿಯಲ್ಲಿ ಎಳೆದ ಹಗ್ಗ

ಎಪ್ಪತ್ತೇಳರ ಎಫಿ ರೆನ್ನಿ ಹಟ ಹಿಡಿದರೆ ಜಗ್ಗುವವಳಲ್ಲ. ಫಾಲ್‌ಕರ್ಕ್‌ನ ಕೆಳಗಿನ ಕಾಲುವೆಯಿಂದ ದೋಣಿ ಎತ್ತುವ ಭಾರಿ ಚಕ್ರದಲ್ಲಿ ತನ್ನ ದೋಣಿಯನ್ನು ತಾನೇ ಮೇಲಿನ ಕಾಲುವೆಗೆ ಒಯ್ಯುತ್ತೇನೆಂದು ಪಟ್ಟು ಹಿಡಿದಳು. ದೋಣಿ ಮಾರಿಬಿಡೋಣ ಎನ್ನುವುದು ಮಗಳು ಶೋನಾಳ ವಾದ. ಅಮ್ಮನ ಕೈ ನಡುಗುತ್ತದೆ, ತನಗಂತೂ ಕಾಲುವೆಯ ಸಹವಾಸವೇ ಸಾಕಾಗಿದೆ ಎನ್ನುತ್ತಿದ್ದಳು. ಕೊನೆಗೊಂದು ಒಪ್ಪಂದವಾಯಿತು: ಮೇಲೆ ತಲುಪುವವರೆಗೆ ದೋಣಿ ಎಲ್ಲೂ ಬಡಿಯಬಾರದು, ಬಡಿದರೆ ಮಾರಾಟ.

ಹಿಂದೆ ಹೂಳು ತುಂಬಿ ಸತ್ತಿದ್ದ ಆ ಕಾಲುವೆಯನ್ನು ಮತ್ತೆ ತೆರೆಯಲೆಂದು ಅದರಿಂದ ಹಳೆಯ ಹಾಸಿಗೆ, ಮುರಿದ ಸೈಕಲ್ಲು ಎಳೆದುಹಾಕಿದವರಲ್ಲಿ ಎಫಿಯೂ ಒಬ್ಬಳು. ಅಂಥವಳಿಗೇ ಷರತ್ತೇ? ಅವಳಿಗೆ ಒಳಗೊಳಗೇ ಉರಿಯುತ್ತಿತ್ತು.

ಚುಕ್ಕಾಣಿ ಹಿಡಿದ ಮೇಲೆ ಕೈ ನಡುಗಲಿಲ್ಲ. ಚಕ್ರದ ತೋಳಿನಲ್ಲಿದ್ದ ನೀರಿನ ತೊಟ್ಟಿಯೊಳಕ್ಕೆ ದೋಣಿಯನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ತಂದು ನಿಲ್ಲಿಸಿದಳು. ಎಂಜಿನ್ ಆರಿಸಿ, ತೊಟ್ಟಿಯ ಗೋಡೆಯ ಕೊಂಡಿಗೆ ಸುತ್ತಿದ ಹಿಂದಿನ ಹಗ್ಗ ತಾನು ಹಿಡಿದಳು. ಮುಂದಿನದು ಶೋನಾಳ ಕೈಯಲ್ಲಿತ್ತು. ಬಾಗಿಲು ಮುಚ್ಚಿತು, ಚಕ್ರ ತಿರುಗಿತು, ಕೆಳಗಿನ ಮರಗಳು ಕುಗ್ಗತೊಡಗಿದವು.

ಧಡ್ ಎಂದು ದೋಣಿ ತೊಟ್ಟಿಯ ಗೋಡೆಗೆ ಬಡಿಯಿತು.

ತಪ್ಪು ಎಫಿಗೆ ತಕ್ಷಣ ಹೊಳೆಯಿತು. ಬಾಗಿಲು ಹಾಕಿ ನೀರೇರಿಸುವ ಲಾಕಿನ ಕಟ್ಟೆಯಲ್ಲಾದರೆ ನೀರು ತುಂಬಿದಂತೆ ದೋಣಿ ಗೋಡೆಯ ಪಕ್ಕ ಏರುತ್ತದೆ, ಸಡಿಲಾದ ಹಗ್ಗವನ್ನು ಎಳೆದುಕೊಳ್ಳುತ್ತಿರಬೇಕು. ಇಲ್ಲಿ ನೀರು, ಗೋಡೆ, ದೋಣಿ ಎಲ್ಲ ಒಟ್ಟಿಗೇ ಏರುತ್ತವೆ, ಎಳೆಯಲು ಏನೂ ಇಲ್ಲ. ನಲವತ್ತು ವರ್ಷ ಲಾಕು ದಾಟಿದ ಕೈ ಅದನ್ನು ಮರೆತು ಎಳೆದುಬಿಟ್ಟಿತ್ತು.

“ಬಡೀತಲ್ಲಮ್ಮಾ,” ಎಂದಳು ಶೋನಾ. ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ.

ಎಫಿ ಗೋಡೆಯನ್ನೇ ನೋಡಿದಳು. ತಾನೊಬ್ಬಳೇ ಎಳೆದಿದ್ದರೆ ಹಿಂಭಾಗ ಮಾತ್ರ ತಾಗಬೇಕಿತ್ತು. ಇಲ್ಲಿ ಇಡೀ ಮಗ್ಗುಲೇ ಒತ್ತಿಕೊಂಡಿತ್ತು.

“ನೀನ್ಯಾಕೆ ಎಳ್ದೆ?”

ಶೋನಾ ತನ್ನ ಕೈ ನೋಡಿಕೊಂಡಳು. ಹಗ್ಗ ಬಿಗಿಯಾಗಿತ್ತು. ಅವಳು ಕಾಲುವೆಗೆ ಬರದೆ ಹನ್ನೆರಡು ವರ್ಷವಾಗಿತ್ತು.

“ಮೇಲೆ ಹೋಗ್ತಿದೀವಿ ಅನ್ನಿಸ್ತು... ಕೈ ತಾನಾಗೇ ಎಳ್ಕೊಳ್ತು.”

“ಸಾಕಾಯ್ತು ಅನ್ನೋದು ಬರೀ ನಿನ್ನ ಬಾಯಿ, ಕಣೇ. ಕೈಗಿನ್ನೂ ಸಾಕಾಗಿಲ್ಲ.”

ಶೋನಾ ಹಗ್ಗ ಸಡಿಲಿಸಿದಳು. ಚಕ್ರ ನಿಂತು ಮೇಲಿನ ಬಾಗಿಲು ತೆರೆಯಿತು. ಆಗ ಅವಳು ದೋಣಿಯ ಹಿಂಭಾಗಕ್ಕೆ ಬಂದು, ಮಾರಾಟದ ಮಾತೆತ್ತದೆ, ಸ್ವಲ್ಪ ದೂರ ತಾನು ನಡೆಸಲೇ ಎಂದು ಮೆಲ್ಲಗೆ ಕೇಳಿದಳು.

“ಮುಂದೆ ಕಾಣೋ ಆ ಸುರಂಗ ದಾಟೋವರೆಗೂ ನಾನೇ,” ಎಂದು ಎಫಿ ಎಂಜಿನ್ ಚಾಲೂ ಮಾಡಿದಳು. “ಆಮೇಲೆ ನೀನು ಹಿಡಿ.”