ಅರ್ಧ ಮುಚ್ಚಳ ಔಷಧಿ

ಅತ್ತೆ ಹೋದಾಗಿನಿಂದ ನಮ್ಮ ಮನೆಯ ಅಪ್ಪ ಮಗನಿಗೆ ಮಾತಿಲ್ಲ. ತಡವಾಗಿ ಆಸ್ಪತ್ರೆಗೆ ಸೇರಿಸಿದಿರಿ ಎಂದು ಮಗ, ಆಪರೇಷನ್ ಮಾಡಿಸಿ ನೀನೇ ಕೊಂದೆ ಎಂದು ಅಪ್ಪ. ನಡುವೆ ಅಂಚೆಯವಳು ನಾನು.

"ನಿನ್ನ ಗಂಡನಿಗೆ ಹೇಳು, ಗೀಸರ್ ಆಫ್ ಮಾಡೋಕೆ."

"ನಿನ್ನ ಮಾವನಿಗೆ ಹೇಳು, ನಂಗೆ ಕಿವಿ ಕೇಳಿಸುತ್ತೆ ಅಂತ."

ಇದೆಲ್ಲ ಒಂದೇ ಸೋಫಾದ ಮೇಲೆ ಕೂತು! ನನಗಂತೂ ತಲೆ ಚಿಟ್ಟು ಹಿಡಿದಿತ್ತು.

ಇಬ್ಬರ ಮುಖವೂ ಸಡಿಲವಾಗುತ್ತಿದ್ದುದು ಅತ್ತೆಯ ಮೀನಿನ ತೊಟ್ಟಿಯ ಮುಂದೆ ಮಾತ್ರ. ಅವರ ಏಂಜಲ್ ಮೀನಿನ ಜೋಡಿ ಎಷ್ಟು ಸಲ ಮೊಟ್ಟೆಯಿಟ್ಟರೂ ತಾವೇ ತಿಂದುಬಿಡುತ್ತಿದ್ದವು. "ಮುಂದಿನ ಸಲ ನೋಡ್ತಿರಿ" ಎನ್ನುತ್ತಿದ್ದರು ಅತ್ತೆ, ಪ್ರತಿ ಸಲವೂ. ಆ ಮುಂದಿನ ಸಲ ಬಂದಾಗ ನೋಡಲು ಅವರೇ ಇರಲಿಲ್ಲ. ಸಾಸಿವೆಯಷ್ಟು ಮರಿಗಳು ತಾಯಿಯ ಸುತ್ತ ಗುಂಪುಗಟ್ಟಿ ಈಜಿದ್ದನ್ನು ನೋಡಿ, ಮಾವ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು. ನಮಗೆ ಕೇಳಿಸಲಿಲ್ಲ ಅಂದುಕೊಂಡಿರಬೇಕು, ಪಾಪ.

ಮರಿಗಳಿಗೆ ರೆಕ್ಕೆ ಮೂಡುವ ಹೊತ್ತಿಗೆ ದೊಡ್ಡ ಮೀನುಗಳ ಬಾಲದ ಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡವು. ಮರುದಿನ ಮರಿಗಳ ಮೈಮೇಲೂ ಬಂದವು. ನಾನು ಮೀನಂಗಡಿಗೆ ಓಡಿದೆ.

"ಅದು ಮೈಗೆ ಕಚ್ಕೊಂಡು ಜೀವ ಹೀರೋ ಪರಾವಲಂಬಿ" ಎಂದ ಅಂಗಡಿಯವನು. "ಈ ಔಷಧಿ ಹಾಕಿ. ಬೆಳಕಿಗೆ ಕೆಡುತ್ತೆ, ತೊಟ್ಟಿ ಮೇಲೆ ಬಟ್ಟೆ ಮುಚ್ಚಿಡಿ. ಮರಿ ಇವೆ ಅಂತೀರ, ಅರ್ಧ ಮುಚ್ಚಳ ಸಾಕು. ಪೂರ್ತಿ ಹಾಕಿದ್ರೆ ರೋಗಕ್ಕಿಂತ ಮೊದ್ಲು ಮರಿ ಹೋಗ್ತವೆ."

ಅದನ್ನು ಇಬ್ಬರ ಮುಂದೆಯೂ ಅಕ್ಷರ ಬಿಡದೆ ಒಪ್ಪಿಸಿದೆ. ಯಾರಾದರೂ ಒಬ್ಬರು ಹಾಕಿ ಎಂದೆ. ಯಾವಾಗಲೂ ನನ್ನ ಬಾಯಿಗೊಂದು ಸಂದೇಶ ತುರುಕುವ ಈ ಗಂಡಸರು ಅವತ್ತು ಏನೂ ಹೇಳಿ ಕಳಿಸಲಿಲ್ಲ. ಅತ್ತೆಯ ಮರಿಗಳನ್ನು ತನ್ನ ಕೈಯೇ ಉಳಿಸಬೇಕೆಂದು ಇಬ್ಬರಿಗೂ ಆಸೆ.

ಮರುದಿನ ಸಂಜೆ ಕೆಲಸದಿಂದ ಬಂದು ಬಟ್ಟೆ ಸರಿಸಿದೆ. ಮರಿಗಳೆಲ್ಲ ತಳದ ಮರಳಿನ ಮೇಲೆ ಬಿದ್ದಿದ್ದವು. ತಾಯಿ ಮೀನು ಒಂದೊಂದನ್ನೇ ಬಾಯಲ್ಲಿ ಎತ್ತಿ ಮೇಲೆ ಉಗುಳುತ್ತಿತ್ತು. ಅವು ಮತ್ತೆ ಕೆಳಗಿಳಿಯುತ್ತಿದ್ದವು. ನನ್ನ ಕೂಗಿಗೆ ಇಬ್ಬರೂ ಓಡಿ ಬಂದರು.

ಮಾವ ತೊಟ್ಟಿಯನ್ನೂ ಬಾಟಲಿಯನ್ನೂ ನೋಡಿದರು. "ಎಷ್ಟು ಹಾಕ್ದೆ?"

ಅಭ್ಯಾಸಬಲದಿಂದ ನಾನು ಗಂಡನ ಕಡೆ ತಿರುಗಿದೆ. ಆದರೆ ಮಾವ ನೇರವಾಗಿ ಅವರನ್ನೇ ನೋಡುತ್ತಿದ್ದರು.

"ಅರ್ಧ, ಅಪ್ಪ. ನೀವು ಏಳೋಕೆ ಮುಂಚೆ. ಒಂದು ಹನಿನೂ ಜಾಸ್ತಿ ಹಾಕಿಲ್ಲ."

"ನಾನೂ ಅರ್ಧನೇ ಹಾಕಿದ್ದು, ಮಗಾ."

ಇವರು ಮಾತಾಡಲಿ ಎಂದು ಎಷ್ಟು ಗೋಗರೆದಿದ್ದೆ! ಈಗ ಇಬ್ಬರ ಬಾಯಿಯನ್ನೂ ಮುಚ್ಚಿಬಿಡೋಣ ಅನ್ನಿಸಿತು.

ನನ್ನ ಗಂಡ ಬಲೆ ಇಳಿಸಿ ಸತ್ತ ಮರಿಗಳನ್ನು ತೆಗೆಯಲು ಹೋದರು. ತಾಯಿ ಮೀನು ಬಲೆಗೆ ಬಂದು ಬಂದು ಗುದ್ದಿತು.

ಮಾವ ಮಗನ ಮಣಿಕಟ್ಟು ಹಿಡಿದುಕೊಂಡರು.

"ಬಿಡೋ. ಅದಕ್ಕಿನ್ನೂ ಗೊತ್ತಾಗಿಲ್ಲ."