ಮೂಳೆಯ ದಬ್ಬಳ

"ತುಕ್ರಾ, ಆ ನೀರು ನಿಲ್ಲಿಸಿ ಸ್ವಲ್ಪ ಇಲ್ಲಿ ಬಾ ಮಾರಾಯ. ಅಜ್ಜಿ ಅಳ್ತಾ ಇದ್ದಾರೆ," ಎಂದು ಹದಿನಾಲ್ಕನೇ ನಂಬರಿನ ಮನೆಯ ಮೆಟ್ಟಿಲಿನಿಂದ ನರ್ಸ್ ಎವ್ಲಿನ್ ಕೂಗಿದಳು.

ತುಕ್ರ ಪೈಪು ಕೆಳಗಿಟ್ಟು ಓಡಿದ. ಕೊಲ್ಲಿ ದೇಶದ ಖತೀಫಿನ ಹತ್ತಿರದ ಆ ಕಂಪನಿ ಕಾಲನಿಯಲ್ಲಿ ಗಿಡಗಳಿಗೆ ನೀರು ಹಾಕುವುದು, ಖರ್ಜೂರದ ಮರಗಳ ಒಣಗರಿ ಸವರುವುದು ಅವನ ಕೆಲಸ. ಉಡುಪಿ ಕಡೆಯ ಎವ್ಲಿನ್ ಕಂಪನಿಯ ಕ್ಲಿನಿಕ್ಕಿನವಳು. ಆ ಮನೆಯ ತುಂಬುಗರ್ಭಿಣಿಯನ್ನು ನೋಡಲು ಬಂದಿದ್ದಳು. ಅಜ್ಜಿ ಎಂದರೆ ಗರ್ಭಿಣಿಯ ಅತ್ತೆ ಓಪಲ್. ಸೊಸೆಯ ಬಾಣಂತನಕ್ಕೆಂದು ಅಮೆರಿಕದಿಂದ ಬಂದವಳು. ಬಂದ ದಿನ ಗೇಟಿನವರು "ಇವರೂ ಇಂಡಿಯನ್" ಎಂದಾಗ ತುಕ್ರ ಖುಷಿಯಿಂದ "ಯಾವ ಊರು?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಬಿಳಿಯರು ಬರುವ ಮೊದಲಿಂದಲೂ ಕ್ಯಾಲಿಫೋರ್ನಿಯಾದಲ್ಲಿದ್ದ ಪೊಮೊ ಜನ ಅವರು ಎಂದು ಎವ್ಲಿನ್ ಆಮೇಲೆ ಹೇಳಿದ್ದಳು.

ಓಪಲ್‌ಳ ಮಡಿಲಲ್ಲಿ ಅರ್ಧ ಹೆಣೆದ ಪುಟ್ಟ ಬುಟ್ಟಿಯಿತ್ತು. ಅಂಗೈಯಲ್ಲಿ ಎರಡು ತುಂಡಾದ ಮೂಳೆ.

"ಬುಟ್ಟಿ ಹೆಣೆಯುವ ದಬ್ಬಳ, ಜಿಂಕೆ ಕಾಲಿನ ಮೂಳೆಯದ್ದಂತೆ. ಇವರ ಅಜ್ಜಿ ಬಳಸಿದ್ದು," ಎಂದಳು ಎವ್ಲಿನ್. "ಕುರ್ಚಿಯಡಿ ಸಿಕ್ಕಿ ಮುರಿದು ಹೋಯ್ತು. ಮಗು ಹುಟ್ಟುವ ಮೊದಲು ಬುಟ್ಟಿ ಮುಗಿಯಬೇಕು. ಅವರ ಮನೆಯಲ್ಲಿ ಹಾಗೆ, ಪ್ರಾರ್ಥನೆ ಹೇಳಿಕೊಂಡೇ ಹೆಣೆಯುವುದು. ಕಬ್ಬಿಣದ ಸೂಜಿ ಬೇಡವಂತೆ."

ತುಕ್ರ ತುಂಡುಗಳನ್ನು ಎತ್ತಿಕೊಂಡ. ಎಷ್ಟೋ ವರ್ಷ ಬೆರಳುಗಳು ಸವರಿದ ಮೂಳೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಮೊನೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, "ಎರಡು ದಿನ ಕೊಡ್ಲಿಕ್ಕೆ ಹೇಳಿ ಸಿಸ್ಟರ್," ಎಂದ.

ತುಕ್ರ ಇರುವ ಕೆಲಸಗಾರರ ಕ್ಯಾಂಪಿನ ಅಡುಗೆಯವನು ಅಲಿಯಬ್ಬ ಮೂಳೆ ಬೇಕೆಂದದ್ದಕ್ಕೆ ಸಾರಿನ ಪಾತ್ರೆಯಿಂದಲೇ ಒಂದನ್ನು ಎತ್ತಿಕೊಟ್ಟ. ಸಿಮೆಂಟು ಕಟ್ಟೆಯ ಮೇಲೆ ತಿಕ್ಕುತ್ತಿದ್ದಂತೆ ಅದು ಪಟ್ಟನೆ ಸೀಳಿತು.

"ಬೇಯಿಸಿದ್ದು ಆಗುದಿಲ್ಲ ಕಾಕ. ಹಸಿಯದ್ದು ಕೊಡಿ, ಕುರಿಯ ಮುಂಗಾಲಿದ್ದು."

"ಅಲ್ಲ ಮಾರಾಯ, ಗದ್ದೆ ಉಂಟು, ಬೇಸಾಯದವ ಅಂತ ಹೇಳಿದ್ದೆ ನೀನು. ನಿನಗೆ ಇದೆಲ್ಲ ಎಲ್ಲಿಂದ ಬಂತು?"

ತುಕ್ರ ಹಸಿ ಮೂಳೆಯನ್ನು ತೆಗೆದುಕೊಂಡು ಕಟ್ಟೆಗೆ ಮರಳಿದ. ಎರಡನೇ ಮೂಳೆಯನ್ನು ಮರಳು ಹಾಕಿ ತಿಕ್ಕಿದ, ನೀರು ಹಾಕಿ ತಿಕ್ಕಿದ, ಕೊನೆಗೆ ತೆಂಗಿನೆಣ್ಣೆ ಸವರಿ ಲುಂಗಿಯ ಅಂಚಿನಲ್ಲಿ ಉಜ್ಜಿದ. ಅಮ್ಮನ ದಬ್ಬಳದ ಮೊನೆ ಎಷ್ಟು ಚೂಪು, ಎಷ್ಟು ಮೊಂಡು ಎಂಬುದು ಬೆರಳಿಗೆ ನೆನಪಿತ್ತು. ಚೂಪು ಹೆಚ್ಚಾದರೆ ನಾರು ಕಡಿಯುತ್ತದೆ, ಕಡಿಮೆಯಾದರೆ ದಾರಿ ಬಿಡುವುದಿಲ್ಲ.

ಮರುದಿನ ಸಂಜೆ ಓಪಲ್ ಅದನ್ನು ಕೆನ್ನೆಗೆ ಒತ್ತಿಕೊಂಡಳು. ತನ್ನ ಭಾಷೆಯಲ್ಲಿ ಏನೋ ಮೆಲ್ಲಗೆ ಹೇಳಿದಳು. ಬುಟ್ಟಿಯ ಅಂಚಿನಲ್ಲಿ ತೂತು ಮಾಡಿ ಬೇರಿನ ನಾರನ್ನು ತೂರಿಸಿ ಎಳೆದಾಗ ನಾರು ಸರಕ್ಕನೆ ಬಂತು. ಅವಳು ಗಟ್ಟಿಯಾಗಿ ನಕ್ಕಳು. ಆಮೇಲೆ ತುಕ್ರನನ್ನೇ ದಿಟ್ಟಿಸಿ ಏನನ್ನೋ ಕೇಳಿದಳು.

"ನಿನಗೆ ಯಾರು ಕಲಿಸಿದ್ದು ಅಂತ ಕೇಳ್ತಾರೆ," ಎಂದಳು ಎವ್ಲಿನ್.

ಊರಲ್ಲಿ ಬುಟ್ಟಿ ಕೊಳ್ಳುವವರು ಅಮ್ಮನನ್ನು ಅಂಗಳದಾಚೆಯೇ ನಿಲ್ಲಿಸುತ್ತಿದ್ದರು. ವಿಮಾನ ಹತ್ತಿದ ದಿನವೇ ತುಕ್ರ ಆ ಕಸುಬನ್ನು ಬಾಯಿಂದ ಅಳಿಸಿಹಾಕಿದ್ದ. ಈಗ ಓಪಲ್ ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು, ಕೂತುಕೋ ಎಂಬಂತೆ ಜಾಗವನ್ನು ತಟ್ಟಿದಳು.

ತುಕ್ರ ಕೂತ.

"ನನ್ನ ಅಮ್ಮ," ಎಂದ. "ಬುಟ್ಟಿ ಹೆಣೆಯುವುದು ನಮ್ಮ ಕೆಲಸ. ಕಾಡುಬಳ್ಳಿಯದ್ದು. ಒಂದು ಮುಡಿ ಅಕ್ಕಿ ಹೊತ್ತರೂ ಅಮ್ಮನ ಬುಟ್ಟಿ ಬಗ್ಗುದಿಲ್ಲ ಸಿಸ್ಟರ್. ಹಾಗೇ ಹೇಳಿ ಅವರಿಗೆ."

ಎವ್ಲಿನ್ ಹೇಳಿದಳು. ಓಪಲ್ ಅವನ ಬಲಗೈ ಹಿಡಿದು ಬೆರಳ ತುದಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ತನ್ನ ಬೆರಳುಗಳನ್ನೂ ತೋರಿಸಿದಳು. ನಾರು ಎಳೆದೆಳೆದು ಆದ ಗಟ್ಟಿಚರ್ಮ ಅವಳಿಗಿತ್ತು. ಅವನದು ಮೂರು ವರ್ಷದಲ್ಲಿ ಮೆತ್ತಗಾಗಿಬಿಟ್ಟಿತ್ತು. ಆಕೆ ಬೈಯುವವಳಂತೆ ತಲೆಯಾಡಿಸಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ತುಕ್ರ ತಾನಾಗಿಯೇ ಅಲಿಯಬ್ಬನಿಗೆ ಹೇಳಿದ. "ಕಾಕ, ಗದ್ದೆಗಿದ್ದೆ ಎಲ್ಲ ಸುಳ್ಳು. ನಾನು ಬುಟ್ಟಿಯವರ ಮಗ."

ಅಲಿಯಬ್ಬ ಸೌಟು ಕೆಳಗಿಟ್ಟ.

"ಎಂತ ಜನ ಮಾರಾಯ ನೀನು! ಮೂರು ವರ್ಷದಿಂದ ನನ್ನ ಖುಬ್ಬೂಸ್ ರೊಟ್ಟಿ ಈ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆವರಿ ಬೆವರಿ ಚಂಡಿ ಮುದ್ದೆ ಆಗ್ತಾ ಉಂಟು. ಮೊದಲೇ ಹೇಳ್ಲಿಕ್ಕೆ ನಿನಗೆ ಎಂತ ಧಾಡಿ?"

ಬುಧವಾರ ಹೆರಿಗೆಯಾಯಿತು; ಹೆಣ್ಣುಮಗು. ಬುಟ್ಟಿ ಅದಕ್ಕೂ ಒಂದು ದಿನ ಮೊದಲೇ ಮುಗಿದಿತ್ತು.

ಶುಕ್ರವಾರ ರಜೆ. ಖರ್ಜೂರದ ಗರಿಯ ಕಡ್ಡಿಗಳನ್ನು ಸೀಳಿ ನೆನೆಹಾಕಿದ್ದ ತುಕ್ರ ಬೆಳಗಿನಿಂದ ಕ್ಯಾಂಪಿನ ಅಂಗಳದ ನಡುವೆಯೇ ಕೂತಿದ್ದ. ಹಾದುಹೋಗುವವರೆಲ್ಲ ನಿಂತು ನೋಡಿದರು. ನನಗೊಂದು, ನನಗೊಂದು ಎಂದರು. ಮಧ್ಯಾಹ್ನ ಅಲಿಯಬ್ಬ ಬಿಸಿ ಖುಬ್ಬೂಸುಗಳನ್ನು ತಂದು ಹೊಸ ಬುಟ್ಟಿಗೆ ಸುರಿದ. ಹೆಣಿಗೆಯ ಸಣ್ಣ ಸಣ್ಣ ಕಿಂಡಿಗಳಿಂದ ಹಬೆ ಎಳೆಯೆಳೆಯಾಗಿ ಹೊರಬಂದು ಬಿಸಿಲಿನಲ್ಲಿ ಮೇಲೇರಿತು.