ಅಝ್ಝಾನನ ನೆತ್ತಿಯ ಬರೆ

ಪಕ್ಕದ ಮನೆಯ ಅಝ್ಝಾನ್ ದಿನವೂ ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಕೊನೆಗೊಂದು ಸೀನು ಸೀನುತ್ತಾನೆ. ನೆಗಡಿಯಲ್ಲ. ಹಲ್ಲುಜ್ಜುವ ಬಗೆ ತೋರಿಸಲು ಅವನ ತಾಯಿ ಘಾಲಿಯಾ ಫೋನಿನಲ್ಲಿ ತನ್ನದೇ ವೀಡಿಯೊ ಮಾಡಿಕೊಂಡಾಗ ಕೊನೆಯಲ್ಲಿ ಸೀನಿದ್ದಳು. ಆಟಿಸಂ ಇರುವ ಈ ಹುಡುಗ ಎದುರು ನಿಂತು ಹೇಳಿದರೆ ತಿರುಗಿಯೂ ನೋಡುವುದಿಲ್ಲ. ವೀಡಿಯೊದಲ್ಲಿ ಕಂಡದ್ದನ್ನು ಮಾತ್ರ ಒಂದಿಷ್ಟೂ ಬಿಡದೆ ಮಾಡುತ್ತಾನೆ, ಕೇಳಿದ್ದನ್ನು ಹಾಗೆಯೇ ನುಡಿಯುತ್ತಾನೆ. ಚಪ್ಪಲಿ ಮೆಟ್ಟುವುದು, ಗುಂಡಿ ಹಾಕುವುದು, ಖರ್ಜೂರದ ಬೀಜ ಬಿಡಿಸಿ ತಿನ್ನುವುದು, ಎಲ್ಲ ಹೀಗೇ ಕಲಿತದ್ದು. ಒಮಾನಿನ ಇಬ್ರಿ ಊರಿನ ನಮ್ಮ ಓಣಿಯವರೆಲ್ಲ ಆ ಸೀನಿಗೆ ನಗುತ್ತಿದ್ದೆವು.

ಅವನ ಅಜ್ಜಿ ಜೂಖಾ ಮಾತ್ರ ನಗುತ್ತಿರಲಿಲ್ಲ.

"ಹಲ್ಲುಜ್ಜಿದ್ರೆ ಜಿನ್ನು ಇಳಿಯುತ್ತಾ? ಬರೆ ಹಾಕೋ ಮುಸಲ್ಲಮ್‌ನ ಕರೆಸಿ ಒಂದು ಹಾಕಿಸು. ನಿನ್ನ ಗಂಡನಿಗೆ ಕಾಮಾಲೆ ಆದಾಗ ಹೊಟ್ಟೆ ಮೇಲೆ ಹಾಕಿಸಿದ್ದೆ. ಸತ್ತನಾ? ಒಂಟೆ ಹಾಗಿದಾನೆ."

"ಇವನಿಗೆ ಜಿನ್ನೂ ಇಲ್ಲ, ಗಿನ್ನೂ ಇಲ್ಲ ಅತ್ತೆ. ಕಲಿಯೋ ದಾರಿ ಬೇರೆ, ಅಷ್ಟೇ. ಕಲೀತಿದಾನಲ್ಲ?"

"ಫೋನಿಗೆ ಹುಟ್ಟಿದ ಮಗು!" ಎಂದು ಮುದುಕಿ ಮುಖ ತಿರುಗಿಸಿದಳು.

ಘಾಲಿಯಾ ಸಾವಿನ ಮನೆಗೆಂದು ತವರಿಗೆ ಹೋದ ದಿನವೇ ಮುಸಲ್ಲಮ್ ಬಂದ. ಹುಡುಗನ ತಲೆಯನ್ನು ಮಂಡಿಗಳ ನಡುವೆ ಅದುಮಿ, "ಬಿಸ್ಮಿಲ್ಲಾ" ಎಂದು, ಕಾದ ಕಬ್ಬಿಣವನ್ನು ನೆತ್ತಿಗೆ ಒತ್ತಿದ. ಘಾಲಿಯಾಳ ಗಂಡ ಖಲ್ಫಾನ್, ತಾಯಿ ಜೂಖಾಗೆ ಎಂದೂ ಎದುರಾಡದವನು, ಹೆತ್ತ ಮಗನ ಕಾಲು ಹಿಡಿದಿದ್ದ. ಜೂಖಾ ಅದನ್ನೆಲ್ಲ ತನ್ನ ಫೋನಿನಲ್ಲಿ ವೀಡಿಯೊ ಮಾಡಿದಳು, ಸೊಹಾರ್ ಊರಿನಲ್ಲಿರುವ ತಂಗಿಗೆ ಕಳಿಸಲು! ನಮ್ಮಲ್ಲಿ ಬರೆ ಹಾಕಿಸುವುದು ಮುಚ್ಚಿಡುವ ಸಂಗತಿಯಲ್ಲ, ಹೇಳಿಕೊಂಡು ತಿರುಗುವ ಸಂಗತಿ.

ಮರಳಿ ಬಂದ ಘಾಲಿಯಾ ಹಸಿ ಗಾಯ ನೋಡಿ ಕಿರುಚಾಡಿದಳು. "ಒಂದಕ್ಕೆ ಇಳಿಯಲ್ಲ. ಶುಕ್ರವಾರ ಇನ್ನೊಂದು ಹಾಕಿಸೋಣ" ಎಂದಳು ಜೂಖಾ.

ಮರುದಿನ ನಾನು ಅವರ ಮನೆಯಲ್ಲಿ ಕಾಫಿಗೆ ಕೂತಿದ್ದೆ. ಅಜ್ಜಿಯ ಫೋನನ್ನು ನೋಡುತ್ತಿದ್ದ ಅಝ್ಝಾನ್ ಅದನ್ನು ಕೆಳಗಿಟ್ಟ. ಪುಟ್ಟ ತಂಗಿ ಝಿಯಾನಾಳ ತಲೆಯನ್ನು ಮಂಡಿಗಳ ನಡುವೆ ಅದುಮಿದ. ಕಾಫಿ ಕಾಯಿಸುವ ಕೆಂಡದಲ್ಲಿದ್ದ ಇಕ್ಕಳ ಎತ್ತಿದ. "ಬಿಸ್ಮಿಲ್ಲಾ" ಎಂದ, ಮುಸಲ್ಲಮ್‌ನದೇ ಒಡಕು ದನಿಯಲ್ಲಿ.

ಘಾಲಿಯಾ ಹಾರಿ ಬಂದು ಇಕ್ಕಳ ಕಿತ್ತೆಸೆದಳು. ಚಾಪೆ ಸುಟ್ಟು ಹೊಗೆಯೆದ್ದಿತು. ಹುಡುಗ ನಿಲ್ಲಿಸಲಿಲ್ಲ. ಬರಿಗೈಯನ್ನೇ ತಂಗಿಯ ನೆತ್ತಿಗೆ ಒತ್ತಿ, ವೀಡಿಯೊದಲ್ಲಿ ಕೇಳಿದ ಚೀತ್ಕಾರವನ್ನು ಚೀರಿದ. ಅದು ಅವನದೇ ಚೀತ್ಕಾರ. ತಲೆತಲಾಂತರದಿಂದ ನಾವು ಮಕ್ಕಳಿಗೆ ಮಾಡುತ್ತ ಬಂದದ್ದು ಏನೆಂದು ಒಂದು ಮಗು ಮಾಡಿ ತೋರಿಸಬೇಕಾಯಿತಲ್ಲ, ಛೀ!

"ನೋಡಿದ್ರಾ, ಜಿನ್ನೇ ಮಾಡಿಸ್ತಿರೋದು" ಎಂದಳು ಜೂಖಾ.

"ಜಿನ್ನಲ್ಲ ಅತ್ತೆ. ನೀವು ಕಲಿಸಿದ ಪಾಠ."

ಘಾಲಿಯಾ ಆ ವೀಡಿಯೊ ಅಳಿಸಿ ಹೊಸದೊಂದು ಮಾಡಿದಳು. ಅಂಗೈ ಎತ್ತಿ ಹಿಡಿದು, "ಬೇಡ! ಮುಟ್ಟಬೇಡ!" ಎಂದಳು. ಅಳು ತಡೆಯಲಾರದೆ ತಲೆವಸ್ತ್ರದ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗನಿಗೆ ಅದನ್ನೇ ಮತ್ತೆ ಮತ್ತೆ ತೋರಿಸಿದಳು.

ಶುಕ್ರವಾರ ಮುಸಲ್ಲಮ್ ಬಂದ. ಘಾಲಿಯಾ, ನಾನು ಬಾಗಿಲಿಗೆ ಅಡ್ಡ ನಿಂತೆವು. ಜೂಖಾ ನಮ್ಮನ್ನು ತಳ್ಳಿ ಅವನನ್ನು ಒಳಗೆ ಕರೆದಳು. ಕಬ್ಬಿಣ ಕಾಯಿತು. ಖಲ್ಫಾನ್ ಮಗನ ಕಾಲು ಹಿಡಿಯಲು ಬಾಗಿದ.

ಅಝ್ಝಾನ್ ಅಂಗೈ ಎತ್ತಿದ. "ಬೇಡ! ಮುಟ್ಟಬೇಡ!" ಆಮೇಲೆ ಇಲ್ಲದ ಸೆರಗನ್ನು ಎಳೆದು, ಒಣಗಿದ್ದ ಕಣ್ಣು ಒರೆಸಿಕೊಂಡ.

ಖಲ್ಫಾನ್ ಬಾಗಿದಲ್ಲೇ ನಿಂತುಬಿಟ್ಟ. ಆ ಸೆರಗು ಯಾರದೆಂದು ಅವನಿಗೆ ಗೊತ್ತಿತ್ತು.

"ಏನೋ ನೋಡ್ತಿದೀಯ? ಹಿಡಿಯೋ ಕಾಲು!" ಜೂಖಾ ಗದರಿದಳು.

"ನನ್ನ ಮಗ ಬೇಡ ಅಂದ, ಅಮ್ಮಾ." ಅವನು ನೀರಿನ ಹೂಜಿಯನ್ನೆತ್ತಿ ಕೆಂಡದ ಮೇಲೆ ಸುರಿದ. "ಮುಸಲ್ಲಮ್ ಚಿಕ್ಕಪ್ಪ, ನಿಮಗೂ ಕೇಳಿಸ್ತಲ್ಲ? ಎದ್ದೇಳಿ."